ಟೈಲರ್ ಅಂಗಡಿಗೆ ಮೂರು ವರ್ಷದ ಗುರಿ: ಲೆಕ್ಕ ಬ್ಲೌಸಿನಲ್ಲೇ ಹಾಕಿ

‘ಮೂರು ವರ್ಷದಲ್ಲಿ ಅಂಗಡಿ ದೊಡ್ಡದು ಮಾಡಬೇಕು’ ಎಂದು ಡೈರಿಯಲ್ಲಿ ಬರೆದಿಟ್ಟರೆ, ಸೋಮವಾರ ಬೆಳಿಗ್ಗೆ ಶಟರ್ ಎತ್ತಿದಾಗ ಮೊದಲು ಯಾವ ಕೆಲಸಕ್ಕೆ ಕೈ ಹಾಕಬೇಕೆಂದು ಅದರಿಂದ ತಿಳಿಯುವುದಿಲ್ಲ. ‘ತಿಂಗಳಿಗೆ ಐವತ್ತು ಸಾವಿರ ಉಳಿಯಬೇಕು’ ಎಂದರೂ ಅರ್ಧ ಕೆಲಸವಷ್ಟೇ ಆಯಿತು. ಆ ಐವತ್ತು ಸಾವಿರವನ್ನು ಬ್ಲೌಸಿಗೆ ಇಳಿಸಿ, ಬ್ಲೌಸನ್ನು ಗಂಟೆಗೆ ಇಳಿಸಿದ ಮೇಲೆಯೇ ಗುರಿ ಕೈಗೆ ಸಿಗುವುದು. ಸಣ್ಣ ಊರಿನಲ್ಲಿ ಒಬ್ಬರೇ ನಡೆಸುವ ಲೇಡೀಸ್ ಟೈಲರ್ ಅಂಗಡಿಯೊಂದನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಅಂಕಿಗಳನ್ನು ನಿಮ್ಮ ಊರಿನ ದರಕ್ಕೆ ಬದಲಿಸಿಕೊಳ್ಳಿ, ಲೆಕ್ಕದ ಕ್ರಮ ಮಾತ್ರ ಇದೇ ಇರಲಿ.

ಶುರು ಮಾಡಬೇಕಾದ್ದು ಮನೆಯಿಂದ, ಅಂಗಡಿಯಿಂದಲ್ಲ. ಮನೆಗೆ ತಿಂಗಳಿಗೆ 25,000, ಉಳಿತಾಯಕ್ಕೆ 5,000 ಬೇಕು ಎಂದಿಟ್ಟುಕೊಳ್ಳಿ. ಅಂಗಡಿ ಬಾಡಿಗೆ, ಕರೆಂಟು, ಮಷಿನ್ ರಿಪೇರಿ ಎಲ್ಲ ಸೇರಿ 10,000. ಅಲ್ಲಿಗೆ 40,000 ಆಯಿತು. ಲೈನಿಂಗ್ ಬ್ಲೌಸಿಗೆ ಮಜೂರಿ 400 ಎಂದರೆ ಲೈನಿಂಗ್ ಬಟ್ಟೆ, ದಾರ, ಹುಕ್ಕಿಗೆ 80 ಹೋಗಿ 320 ಉಳಿಯುತ್ತದೆ. 40,000ವನ್ನು 320ರಿಂದ ಭಾಗಿಸಿದರೆ 125 ಬ್ಲೌಸು. ತಿಂಗಳಿಗೆ 25 ದಿನ ಕೆಲಸವಾದರೆ ದಿನಕ್ಕೆ ಐದು. ಕಟಿಂಗ್, ಹೊಲಿಗೆ, ಹೆಮ್ಮಿಂಗ್ ಸೇರಿ ಒಂದಕ್ಕೆ ಎರಡು ಗಂಟೆ ಹಿಡಿದರೂ ಹತ್ತು ಗಂಟೆ ಮಷಿನ್ ಮುಂದೆಯೇ ಕಳೆಯಿತು. ಒಂಟಿ ಕೈಯಲ್ಲಿ ಇದಕ್ಕಿಂತ ಹೆಚ್ಚು ಆಗದು. ಇನ್ನಷ್ಟು ಗಿರಾಕಿ ಬಂದರೆ ಅಂಗಡಿ ಬೆಳೆಯುವುದಿಲ್ಲ, ಡೆಲಿವರಿ ತಪ್ಪುತ್ತದೆ ಅಷ್ಟೆ.

ಈಗ ಮೂರನೇ ವರ್ಷದ ಕೊನೆಗೆ ಮನೆಗೆ 50,000 ಸಿಗಬೇಕು, ಅಂಗಡಿ ಖರ್ಚು 12,000ಕ್ಕೆ ಏರಿರುತ್ತದೆ ಎನ್ನಿ. ಬೇಕಾದದ್ದು 62,000. ಪೀಸ್ ರೇಟಿಗೆ ಹೊಲಿಯುವವರಿಗೆ ಬ್ಲೌಸಿಗೆ 150 ಕೊಟ್ಟರೆ ನಿಮಗೆ ಉಳಿಯುವುದು 170. ನೀವೇ 60 ಹೊಲಿದರೆ 19,200 ಬರುತ್ತದೆ. ಮಿಕ್ಕ 42,800ಕ್ಕೆ ಬೇರೆಯವರ ಕೈಯಲ್ಲಿ 252 ಹೊಲಿಸಬೇಕು. ಒಟ್ಟು 312 ಬ್ಲೌಸು.

ಬಹಳಷ್ಟು ಜನ ಎಡವುವುದು ಇಲ್ಲಿ. ಹೊಲಿಗೆಯನ್ನು ಬೇರೆಯವರಿಗೆ ಕೊಡಬಹುದು, ಕಟಿಂಗ್ ಕೊಡಲು ಯಾರಿಗೂ ಧೈರ್ಯ ಬರುವುದಿಲ್ಲ. ಒಂದಕ್ಕೆ 20 ನಿಮಿಷದಂತೆ 312 ಬ್ಲೌಸಿನ ಕಟಿಂಗಿಗೇ ತಿಂಗಳಿಗೆ 104 ಗಂಟೆ, ನಿಮ್ಮ ಪಾಲಿನ 60 ಹೊಲಿಯಲು, ಕಟಿಂಗ್ ಬಿಟ್ಟು ಒಂದಕ್ಕೆ 100 ನಿಮಿಷದಂತೆ, ಇನ್ನೊಂದು 100 ಗಂಟೆ. ಅಳತೆ ತೆಗೆಯಲು, ಟ್ರಯಲ್ ನೋಡಲು, ಫೋನ್ ಎತ್ತಲು ಹೊತ್ತೇ ಇಲ್ಲ.

ಅದೇ ಲೆಕ್ಕವನ್ನು ಮಜೂರಿ 450 ಇಟ್ಟು ಮಾಡಿ ನೋಡಿ. ನಿಮ್ಮ 60ಕ್ಕೆ, ತಲಾ 370ರಂತೆ, 22,200. ಮಿಕ್ಕ 39,800ಕ್ಕೆ, ತಲಾ 220ರಂತೆ, 181 ಸಾಕು. ಒಟ್ಟು 241. ಐವತ್ತು ರೂಪಾಯಿ ತಿಂಗಳಿಗೆ 71 ಬ್ಲೌಸಿನ ದುಡಿಮೆ ಉಳಿಸಿತು, ಕಟಿಂಗ್ 80 ಗಂಟೆಗೆ ಇಳಿಯಿತು. ಇನ್ನೊಂದು ಮಷಿನ್ ತರುವ ಮೊದಲು ದರದ ಬೋರ್ಡ್ ಬದಲಿಸಿ ಎನ್ನುವುದು ಇದಕ್ಕೇ. ಶ್ರಾವಣದ ರಶ್ಶಿನ ನಡುವೆ ದರ ಏರಿಸಿದರೆ ಕೌಂಟರಿನಲ್ಲಿ ಜಗಳ ಖಾತ್ರಿ. ಆಷಾಢದಲ್ಲೇ ಹೊಸ ಬೋರ್ಡ್ ಹಾಕಿ, ಹಳೆಯ ಗಿರಾಕಿಗಳಿಗೆ ಮೊದಲೇ ಬಾಯಲ್ಲಿ ಹೇಳಿಡಿ.

ದಿನಕ್ಕೆ ನಾಲ್ಕರಂತೆ ಒಬ್ಬರು ತಿಂಗಳಿಗೆ 100 ಹೊಲಿಯುತ್ತಾರೆ. 181ಕ್ಕೆ ಇಬ್ಬರು ಸಾಕು. ಒಬ್ಬರನ್ನು ಮೊದಲ ವರ್ಷ, ಇನ್ನೊಬ್ಬರನ್ನು ಎರಡನೇ ವರ್ಷ ತೆಗೆದುಕೊಳ್ಳಿ. ಸೇರಿಸಿಕೊಳ್ಳುವುದು ಆಷಾಢದಲ್ಲೇ ಇರಲಿ. ಆಗ ಮದುವೆ ಇಲ್ಲ, ಶಾಲೆಯ ಯೂನಿಫಾರ್ಮಿನ ಗಲಾಟೆಯೂ ಮುಗಿಯುತ್ತಾ ಬಂದಿರುತ್ತದೆ, ತೋರಿಸಿಕೊಡಲು ಪುರಸೊತ್ತಿದೆ. ವರಮಹಾಲಕ್ಷ್ಮಿ ಹಬ್ಬಕ್ಕೆ ನಾಲ್ಕು ದಿನ ಇರುವಾಗ ಹೊಸಬರನ್ನು ಕೂರಿಸಿದರೆ ಅವರು ಕೆಡಿಸಿದ್ದನ್ನು ಬಿಚ್ಚುವುದೇ ನಿಮಗೆ ಕೆಲಸವಾಗುತ್ತದೆ.

ಇಷ್ಟರಲ್ಲಿ ನೀವು ಕಲಿಯಬೇಕಾದದ್ದೂ ತಾನಾಗಿಯೇ ಎದ್ದು ಕಂಡಿರಬೇಕು. ಅಂಗಡಿ ಬೆಳೆದಂತೆ ನಿಮ್ಮ ಕೆಲಸ ಮಷಿನ್‌ನಿಂದ ಕಟಿಂಗ್ ಟೇಬಲಿಗೆ ಸರಿಯುತ್ತದೆ. ಹಾಗಾಗಿ ಮೊದಲ ವರ್ಷದ ಸ್ವಂತ ಗುರಿ: 32ರಿಂದ 42ರವರೆಗೆ ಎರಡೆರಡು ಇಂಚಿನ ಅಂತರದಲ್ಲಿ ಆರು ಅಳತೆಗೆ ದಪ್ಪ ಕಾಗದದ ಪ್ಯಾಟರ್ನ್ ಮಾಡಿಟ್ಟುಕೊಳ್ಳುವುದು. ಮುಂಭಾಗ, ಬೆನ್ನು, ತೋಳು ಬೇರೆ ಬೇರೆ. ಪ್ರತಿ ತುಂಡಿನ ಮೇಲೆ ಅಳತೆ, ಡಾಟ್‌ನ (ಆಕಾರಕ್ಕಾಗಿ ಹೊಲಿಯುವ ಮಡಿಕೆಯ) ಗುರುತು, ಹೊಲಿಗೆಗೆ ಬಿಡುವ ಮಾರ್ಜಿನ್ ಬರೆದಿರಲಿ. ಗಿರಾಕಿಯ ಅಳತೆಗೆ ಹತ್ತಿರದ ಪ್ಯಾಟರ್ನ್ ಇಟ್ಟು ಭುಜ, ಕಂಕುಳು, ಉದ್ದ ಮಾತ್ರ ತಿದ್ದಿದರೆ ಆಯಿತು, ಪ್ರತಿ ಸಲ ಚಾಕ್ ಹಿಡಿದು ಮೊದಲಿನಿಂದ ಗೀಚಬೇಕಿಲ್ಲ. ಆರಿ ವರ್ಕ್ (ಕೊಕ್ಕೆ ಸೂಜಿಯ ಕಸೂತಿ) ಕಲಿಯುವ ಆಸೆ ಇದ್ದರೆ ಎರಡನೇ ವರ್ಷಕ್ಕೆ ಇಡಿ. ಎರಡನ್ನೂ ಒಟ್ಟಿಗೆ ಹಿಡಿದವರು ಎರಡನ್ನೂ ಅರ್ಧಕ್ಕೆ ಬಿಡುತ್ತಾರೆ.

ವಾರಕ್ಕೊಮ್ಮೆ ನೋಡಬೇಕಾದ ಅಂಕಿ ನಾಲ್ಕೇ: ಬಂದ ಬಟ್ಟೆ, ಕಟ್ ಆದದ್ದು, ಹೇಳಿದ ದಿನಕ್ಕೆ ಕೊಟ್ಟದ್ದು, ಆಲ್ಟರೇಷನ್‌ಗೆ ವಾಪಸ್ ಬಂದದ್ದು. ನೂರು ರೂಪಾಯಿಯ ನೋಟ್‌ಬುಕ್ ಸಾಕು, ಆ್ಯಪ್ ಬೇಡ. ಈ ನಾಲ್ಕರಲ್ಲಿ ಕೊನೆಯದರ ಮೇಲೆ ಹೆಚ್ಚು ಕಣ್ಣಿರಲಿ. ನೂರಕ್ಕೆ ಹತ್ತಕ್ಕಿಂತ ಹೆಚ್ಚು ವಾಪಸ್ ಬರುತ್ತಿದ್ದರೆ ಹೊಸಬರನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಿ, ಕಾರಣ ಹುಡುಕಿ. ಒಂದು ತೊಳೆತದ ನಂತರ ಬಿಗಿಯಾಯಿತು ಎಂದು ಬಂದರೆ ತಪ್ಪು ಹೊಲಿದವರದ್ದಾಗಿರಲಾರದು. ಕಾಟನ್ ಲೈನಿಂಗನ್ನು ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಕಟ್ ಮಾಡದಿದ್ದರೆ ಅದು ಆಮೇಲೆ ಕುಗ್ಗುತ್ತದೆ, ಮೇಲಿನ ರೇಷ್ಮೆ ಸುಕ್ಕು ಬೀಳುತ್ತದೆ. ಭುಜ ಜಾರುತ್ತದೆ ಎಂಬ ದೂರು ಬೇರೆ ಬೇರೆ ಹೊಲಿಗೆಯವರ ಪೀಸಿನಲ್ಲೂ ಬಂದರೆ ನಿಮ್ಮ ಅಳತೆ ಅಥವಾ ಪ್ಯಾಟರ್ನೇ ತಪ್ಪಿದೆ.

ಸಾಲ ಕೊನೆಯ ಮಾತು. ಸಣ್ಣ ಉದ್ಯಮಗಳಿಗೆ ಸಾಲ ಕೊಡಿಸುವ ಕೇಂದ್ರದ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000ದವರೆಗೆ, ಕಿಶೋರದಲ್ಲಿ 5 ಲಕ್ಷದವರೆಗೆ ಸಾಲ ಸಿಗುತ್ತದೆ. ಸಿಗುತ್ತದೆ ಎಂದು ತೆಗೆದುಕೊಳ್ಳಬೇಡಿ, ಕಂತನ್ನೂ ಬ್ಲೌಸಿನಲ್ಲೇ ಎಣಿಸಿ. ಶೇ 12ರ ಬಡ್ಡಿಗೆ 1 ಲಕ್ಷ, 24 ಕಂತು ಎಂದರೆ ತಿಂಗಳಿಗೆ ಸುಮಾರು 4,700. ಬ್ಲೌಸಿಗೆ 220 ಉಳಿಯುವ ಲೆಕ್ಕದಲ್ಲಿ 22 ಬ್ಲೌಸು ಕಂತಿಗೇ ಹೋಗುತ್ತದೆ, ಆಷಾಢದಲ್ಲೂ ಹೋಗುತ್ತದೆ. ಹೊಸ ಮಷಿನ್ ತಿಂಗಳಿಗೆ ಅದಕ್ಕಿಂತ ಹೆಚ್ಚು ಬ್ಲೌಸು ಹೊಲಿದುಕೊಡುವುದಾದರೆ ಮಾತ್ರ ಸಹಿ ಹಾಕಿ.

ಬೆಳೆಯುವ ಗುರಿ ಇದ್ದವರು ಮೊದಲ ದಿನವೇ ಮಾಡಬೇಕಾದ ಇನ್ನೊಂದು ಕೆಲಸವಿದೆ: ಅಂಗಡಿಯ ಕ್ಯುಆರ್ ಕೋಡಿಗೆ ಬೇರೆ ಬ್ಯಾಂಕ್ ಖಾತೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಯ ಆಧಾರದ ಮೇಲೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ಚೀಟಿ ದುಡ್ಡು, ತಮ್ಮ ಕಳಿಸಿದ ದುಡ್ಡು, ಮಜೂರಿ ಎಲ್ಲ ಒಂದೇ ಖಾತೆಗೆ ಬಿದ್ದಿದ್ದರೆ ಯಾವುದು ವಹಿವಾಟು ಎಂದು ಬಿಡಿಸಿ ತೋರಿಸುವುದು ಕಷ್ಟ. ಮೇಲಿನ ಲೆಕ್ಕದಲ್ಲಿ 241 ಬ್ಲೌಸು, 450ರಂತೆ, ವರ್ಷಕ್ಕೆ 13 ಲಕ್ಷ ದಾಟುತ್ತದೆ. ಸೇವೆಗೆ ಜಿಎಸ್‌ಟಿ ನೋಂದಣಿಯ ಮಿತಿ 20 ಲಕ್ಷ. ಸೀರೆಯನ್ನೂ ಮಾರೋಣ ಎಂದು ಹೊರಟರೆ ಎಚ್ಚರ. 40 ಲಕ್ಷದ ಮಿತಿ ಇರುವುದು ಬರೀ ಸರಕು ಮಾರುವವರಿಗೆ. ಹೊಲಿಗೆಯೂ ಸೀರೆಯೂ ಒಟ್ಟಿಗಿದ್ದರೆ ಎರಡನ್ನೂ ಕೂಡಿಸಿ 20 ಲಕ್ಷಕ್ಕೇ ನೋಡಬೇಕು.