ಅಡುಗೆಮನೆಗೆ ಬಂದ ಪಾನಾ, ಪಕ್ಕಡ

ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಫಿಟ್ಟರ್ ಆಗಿ ದುಡಿದ ನನಗೆ ಪಾನಾ, ಪಕ್ಕಡ, ಸ್ಕ್ರೂಡ್ರೈವರ್ ತುಂಬಿದ ತಗಡಿನ ಪೆಟ್ಟಿಗೆಯೊಂದು ಇಂದಿಗೂ ಸಂಗಾತಿ. ಕಳೆದ ಬೇಸಿಗೆಯಲ್ಲಿ ಮಗನಿಗೆ ಕೊಪ್ಪಳಕ್ಕೆ ವರ್ಗವಾಗಿ ಹೊಸ ಮನೆಗೆ ಬಂದ ದಿನ, ನೆಂಟರು ಬಂದು ಕುಳಿತಿದ್ದರೂ ಅಡುಗೆ ಸಾಮಾನು ಇನ್ನೂ ಲಾರಿಯಲ್ಲೇ ಇತ್ತು. ರಸಗುಲ್ಲದ ಡಬ್ಬಿ ಹಿಡಿದು ನಿಂತ ಸೊಸೆ “ಮಾವಾರ, ಇದನ್ನ ತೆಗಿಯಾಕ ಏನೂ ಇಲ್ರೀ” ಎಂದಾಗ ನನ್ನ ಪೆಟ್ಟಿಗೆ ಅಡುಗೆಮನೆಗೆ ಬಂತು.

ಪೆಟ್ಟಿಗೆಯ ಎಲ್ಲ ಸಾಮಾನೂ ಒಳಗೆ ಬರುವಂತಿಲ್ಲ. ಬ್ಯಾಟರಿಯ ತುದಿ ಬಿಚ್ಚಿದ ಪಾನಾದಲ್ಲಿ ಸೀಸದ ಪುಡಿ ಇರಬಹುದು. ಗದ್ದೆಗೆ ಹೊಡೆಯುವ ಕೀಟನಾಶಕದ ಡಬ್ಬಿ ತೆರೆದ ಪಕ್ಕಡವನ್ನಂತೂ, ನಮ್ಮ ಭತ್ತದ ಸೀಮೆಯಲ್ಲಿ ಅಂಥವು ಮನೆಮನೆಯಲ್ಲೂ ಇರುವುದರಿಂದ, ಎಷ್ಟು ತೊಳೆದರೂ ಊಟದ ಪದಾರ್ಥದ ಹತ್ತಿರ ತರಬಾರದು. ಉಳಿದವುಗಳ ಗ್ರೀಸನ್ನು ಸೀಮೆಎಣ್ಣೆಯಿಂದ ತೆಗೆದರೆ ವಾಸನೆ ಉಳಿಯುತ್ತದೆ. ಭತ್ತದ ಹೊಟ್ಟಿನ ಬೂದಿಗೆ ಸ್ವಲ್ಪ ಸಾಬೂನು ಸೇರಿಸಿ ಉಜ್ಜಿ, ಬಿಸಿನೀರಿನಲ್ಲಿ ತೊಳೆದು, ಕೂಡಲೇ ಒರೆಸಬೇಕು. ಇಲ್ಲದಿದ್ದರೆ ಮರುದಿನವೇ ತುಕ್ಕು ಹಿಡಿಯುತ್ತದೆ.

ಡಬ್ಬಿ ಉಬ್ಬಿದ್ದರೆ ಅದನ್ನು ತೆರೆಯುವ ಯೋಚನೆಯನ್ನೇ ಬಿಟ್ಟುಬಿಡಿ, ಏಕೆಂದರೆ ಒಳಗಿನ ಪದಾರ್ಥ ಕೆಟ್ಟು ವಿಷವಾಗಿರುವ ಸಾಧ್ಯತೆಯಿದೆ. ಸರಿಯಾಗಿರುವ ಡಬ್ಬಿಯ ವಿಷಯದಲ್ಲಿ ಹೆಚ್ಚಿನವರು ಉಳಿ, ಸುತ್ತಿಗೆ ಹಿಡಿದು ನಡುಮುಚ್ಚಳಕ್ಕೇ ಹೊಡೆಯುತ್ತಾರೆ. ನಾನೂ ಪ್ರಾಯದಲ್ಲಿ ಹಾಗೆ ಹೊಡೆದು, ಎದ್ದ ತಗಡಿಗೆ ಹೆಬ್ಬೆರಳು ಕೊಟ್ಟವನೇ. ಆ ಗೆರೆ ಇನ್ನೂ ಇದೆ. ಮುಚ್ಚಳದ ಅಂಚೂ ಡಬ್ಬಿಯ ಅಂಚೂ ಒಂದರೊಳಗೊಂದು ಮಡಚಿಕೊಂಡಿರುತ್ತವೆ. ಆ ಮಡಿಕೆ ಸವೆದರೆ ಮುಚ್ಚಳ ತಾನಾಗಿಯೇ ಬಿಡುತ್ತದೆ. ಡಬ್ಬಿಯನ್ನು ಬೋರಲಾಗಿಸಿ, ಒರಟಾದ ಕಲ್ಲಿನ ಮೇಲೆ ಅಥವಾ ಸಿಮೆಂಟಿನ ನೆಲದ ಮೇಲೆ ಒತ್ತಿ ಹಿಂದೆಮುಂದೆ ಉಜ್ಜುತ್ತ, ಆಗಾಗ ಎತ್ತಿ ನೋಡಬೇಕು. ಮೊದಲು ಅಂಚು ಬೆಳ್ಳಗೆ ಹೊಳೆಯುತ್ತದೆ, ಆಮೇಲೆ ಸಪೂರವಾದ ಗೆರೆಯೊಂದು ಕಾಣುತ್ತದೆ, ಕೊನೆಗೆ ಕಲ್ಲಿನ ಮೇಲೆ ಪಾಕದ ಪಸೆ ಹತ್ತುತ್ತದೆ. ಪಸೆ ಕಂಡ ಕ್ಷಣವೇ ನಿಲ್ಲಿಸಿ, ಡಬ್ಬಿಯನ್ನು ನೆಟ್ಟಗೆ ನಿಲ್ಲಿಸಿ, ಲೋಹದ ಪುಡಿಯನ್ನು ಒದ್ದೆ ಬಟ್ಟೆಯಿಂದ ಚೆನ್ನಾಗಿ ಒರೆಸಿದ ಮೇಲೆಯೇ ಸ್ಕ್ರೂಡ್ರೈವರಿನ ತುದಿಯಿಂದ ಮುಚ್ಚಳ ಎಬ್ಬಿಸಬೇಕು. ಆ ದಿನ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲೇ ನನಗೆ ಲೋಹ ಉಜ್ಜುವ ಅರವಾಯಿತು.

ಸೋಡಾ, ಶರಬತ್ತಿನ ಗಾಜಿನ ಬಾಟಲಿಯ ತಗಡಿನ ಮುಚ್ಚಳ 1892ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಆದದ್ದು, ಅದಕ್ಕೆ ಈಗ 21 ಹಲ್ಲುಗಳಿರುತ್ತವೆ. ಬಾಟಲಿಯ ಕುತ್ತಿಗೆಯನ್ನು ಎಡಗೈ ಮುಷ್ಟಿಯಿಂದ ಮುಚ್ಚಳಕ್ಕೆ ತೀರ ಹತ್ತಿರ ಬಿಗಿಯಾಗಿ ಹಿಡಿದು, ತೋರುಬೆರಳಿನ ಗೆಣ್ಣಿನ ಮೇಲೆ ಪಾನಾವನ್ನು ಅಡ್ಡವಿಟ್ಟು, ಅದರ ತುದಿಯನ್ನು ಹಲ್ಲಿನ ಕೆಳಗೆ ಸಿಕ್ಕಿಸಿ ಇನ್ನೊಂದು ತುದಿಯನ್ನು ಕೆಳಕ್ಕೆ ಒತ್ತಿದರೆ ಮುಚ್ಚಳ ಹಾರುತ್ತದೆ. ಹಾರದಿದ್ದರೆ ಬಲ ಹೆಚ್ಚಿಸದೆ ಬಾಟಲಿಯನ್ನು ತಿರುಗಿಸಿ ನಾಲ್ಕಾರು ಹಲ್ಲುಗಳನ್ನು ಒಂದೊಂದಾಗಿ ಎಬ್ಬಿಸಿರಿ. ಕಟ್ಟೆಯ ಅಂಚಿಗೆ ಬಾಟಲಿ ಬಡಿಯುವ ಹುಡುಗರ ಶೌರ್ಯದಲ್ಲಿ ಗಾಜಿನ ಚೂರು ಸೋಡಾದೊಳಗೆ ಬೀಳುವುದು ಕಣ್ಣಿಗೂ ಕಾಣುವುದಿಲ್ಲ. ಬಿಸಿಲಿನಲ್ಲಿಟ್ಟ ಬಾಟಲಿಯನ್ನು ತಂಪಾಗುವ ತನಕ ಮುಟ್ಟಲೇಬೇಡಿ. ರಾಯಚೂರು, ಬಳ್ಳಾರಿಯ ಏಪ್ರಿಲ್ ಬಿಸಿಲಿಗೆ ಒಳಗಿನ ಗಾಳಿಯ ಒತ್ತಡ ಬಹಳ ಏರಿರುತ್ತದೆ.

ಉಪ್ಪಿನಕಾಯಿ, ಜಾಮಿನ ಬಾಟಲಿಯನ್ನು ಹಿಡಿದಿಡುವುದು ಹೊರಗಿನ ಗಾಳಿಯ ಒತ್ತಡ. ಆದ್ದರಿಂದ ತಿರುವಿ ತಿರುವಿ ಮಣಿಕಟ್ಟು ನೋಯಿಸಿಕೊಳ್ಳುವ ಬದಲು, ಚಪ್ಪಟೆ ಸ್ಕ್ರೂಡ್ರೈವರನ್ನು ಮುಚ್ಚಳದ ಅಂಚಿನ ಕೆಳಗೆ ತೂರಿಸಿ ತುಸುವೇ ಹೊರಳಿಸಿದರೆ “ಟಕ್” ಎಂದು ಗಾಳಿ ಒಳಸೇರುತ್ತದೆ, ಬಳಿಕ ಮಗುವೂ ಬಿಚ್ಚಬಲ್ಲದು. ಮುಚ್ಚಳಕ್ಕೆ ಮೊಳೆ ಹೊಡೆದರೂ ಗಾಳಿ ಹೋಗುತ್ತದೆ, ಆದರೆ ಉಪ್ಪಿನಕಾಯಿಯನ್ನು ಮತ್ತೆ ಮುಚ್ಚಿಡುವುದು ಹೇಗೆ? ಸಕ್ಕರೆ ಅಂಟಿಕೊಂಡು ಬಿಗಿದಿದ್ದರೆ ಮುಚ್ಚಳದ ಮೇಲೆ ಬಿಸಿನೀರು ಸುರಿಯಿರಿ, ಲೋಹವು ಗಾಜಿಗಿಂತ ಹೆಚ್ಚು ಹಿಗ್ಗುತ್ತದೆ. ಫ್ರಿಜ್ಜಿನಿಂದ ಆಗತಾನೆ ತೆಗೆದ ಬಾಟಲಿಗೆ ಮಾತ್ರ ಹೀಗೆ ಮಾಡಿದರೆ ಅದು ಸೀಳುತ್ತದೆ. ಕೈ ಜಾರಿದರೆ ಹಳೆಯ ಸೈಕಲ್ ಟ್ಯೂಬಿನ ತುಂಡನ್ನು ಸುತ್ತಿ ಹಿಡಿದರೆ ಸಾಕು.

ಹದಿನೈದು ಕಿಲೋ ಎಣ್ಣೆಯ ಡಬ್ಬಕ್ಕೆ ಎದುರುಬದುರು ಮೂಲೆಗಳಲ್ಲಿ ಮೊಳೆಯಿಂದ ಎರಡು ತೂತು ಬೇಕು; ಒಂದರಲ್ಲಿ ಗಾಳಿ ಒಳಹೋದರೆ ಇನ್ನೊಂದರಲ್ಲಿ ಎಣ್ಣೆ ಎಗರದೆ ಇಳಿಯುತ್ತದೆ. ಡ್ರಿಲ್ ಬೇಡ, ತಗಡಿನ ಸುರುಳಿ ಎಣ್ಣೆಗೇ ಬೀಳುತ್ತದೆ.

ಕುಕ್ಕರಿಗೆ ನನ್ನ ಪೆಟ್ಟಿಗೆಯಿಂದ ಏನನ್ನೂ ಕೊಡುವುದಿಲ್ಲ. ಪೂರ್ತಿ ಆರಿದ ಮೇಲೂ ಮುಚ್ಚಳ ಬಿಡದಿದ್ದರೆ ಸೀಟಿಯನ್ನು ಎತ್ತಿ ಗಾಳಿ ಒಳಬಿಡಿ. ಬಿಸಿ ಇರುವಾಗ ಪಾನಾ ಹಾಕಿ ಎಬ್ಬಿಸಿದರೆ ಕುದಿಯುವ ಬೇಳೆ ಮುಖಕ್ಕೆ ಎರಚುತ್ತದೆ.

ರಸಗುಲ್ಲ ತಿಂದು ನೆಂಟರು ಹೋದ ಮೇಲೆ, ಆ ಡಬ್ಬಿಯ ಹರಿತ ಅಂಚನ್ನು ಪಕ್ಕಡದಿಂದ ಸುತ್ತಲೂ ಒಳಕ್ಕೆ ಮಡಚಿ, ಮುಚ್ಚಳವನ್ನು ಅದರೊಳಗೇ ಹಾಕಿ, ಬಾಯಿಯನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿ ಹೊರಗಿಟ್ಟೆ, ಬೆಳಗ್ಗೆ ಕಸ ಒಯ್ಯಲು ಬರುವವರು ಬರಿಗೈಯಲ್ಲೇ ಅದನ್ನು ಎತ್ತುತ್ತಾರೆ.