ಹಳೆಯ ಡೆಸ್ಕ್‌ಟಾಪ್‌ಗೆ ಗ್ರಾಫಿಕ್ಸ್ ಕಾರ್ಡ್: ಡ್ರೈವರ್ ಹಾಕುವ ಮುನ್ನ, ಹಾಕಿದ ಮೇಲೆ

ಅಕ್ಕನ ಮಗ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಲೆದು, ಚೌಕಾಸಿ ಮಾಡಿ, ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಒಂದನ್ನು ತಂದಿದ್ದ. ಎನ್‌ವಿಡಿಯಾದ ಜಿಟಿಎಕ್ಸ್ 1050 ಟಿಐ. ಮನೆಯಲ್ಲಿದ್ದುದು ಯಾವುದೋ ಕಚೇರಿ ವಿಲೇವಾರಿ ಮಾಡಿದ, ಮೂರನೇ ತಲೆಮಾರಿನ ಐ5 ಪ್ರೊಸೆಸರಿನ ಡೆಸ್ಕ್‌ಟಾಪ್. ಕಾರ್ಡ್ ಕೂರಿಸಿದ, ಫ್ಯಾನ್ ತಿರುಗಿತು, ಆಟ ಮಾತ್ರ ಮೊದಲಿನಂತೆಯೇ ತೆವಳಿತು. ‘ಮಾಮ, ಮೂರು ಸಲ ಡ್ರೈವರ್ ತೆಗೆದು ಹಾಕಿದೆ, ಆದರೂ ಹೀಗೇ ಇದೆ’ ಎಂದು ಫೋನ್ ಮಾಡಿದ. (ಡ್ರೈವರ್ ಎಂದರೆ ಕಾರ್ಡನ್ನು ವಿಂಡೋಸ್ ದುಡಿಸಿಕೊಳ್ಳಲು ಬೇಕಾದ ತಂತ್ರಾಂಶ.) ಹೋಗಿ ಪೆಟ್ಟಿಗೆಯ ಹಿಂಬದಿ ನೋಡಿದರೆ ಮಾನಿಟರಿನ ನೀಲಿ ವಿಜಿಎ ತಂತಿ ಮದರ್‌ಬೋರ್ಡಿಗೇ ಸಿಕ್ಕಿಸಿತ್ತು! ಕಾರ್ಡು ಪಕ್ಕದಲ್ಲಿ ಸುಮ್ಮನೆ ಗಾಳಿ ಹಾಕಿಕೊಂಡು ಕೂತಿತ್ತು.

ತಪ್ಪು ಅವನದಷ್ಟೇ ಅಲ್ಲ. ಹಳೆಯ ಮಾನಿಟರುಗಳಲ್ಲಿ ಹಲವಕ್ಕೆ ವಿಜಿಎ ಒಂದೇ ದಾರಿ. 1050 ಟಿಐನಲ್ಲಿ ವಿಜಿಎ ಇಲ್ಲವೇ ಇಲ್ಲ. ಅದರಲ್ಲಿರುವ ಡಿವಿಐ ಕೂಡ ಡಿಜಿಟಲ್ ಮಾತ್ರ. ಹಿಂದೆ ಕಾರ್ಡಿನ ಜೊತೆ ಸಿಗುತ್ತಿದ್ದ, ಡಿವಿಐಯನ್ನು ವಿಜಿಎ ಮಾಡುವ ಪುಟ್ಟ ಬಿಳಿ ಪ್ಲಗ್ಗನ್ನು ಇದಕ್ಕೆ ಒತ್ತಿದರೆ ಹೋಗುವುದಿಲ್ಲ. ಪ್ಲಗ್ಗಿನ ಚಪ್ಪಟೆ ಪಟ್ಟಿಯ ಸುತ್ತ ನಾಲ್ಕು ಹೆಚ್ಚುವರಿ ಪಿನ್‌ಗಳಿರುತ್ತವೆ, ಕಾರ್ಡಿನಲ್ಲಿ ಅವಕ್ಕೆ ತೂತೇ ಇರುವುದಿಲ್ಲ. ಜೋರು ಮಾಡಿದರೆ ಪಿನ್ ಬಾಗುತ್ತದೆ. ಎಚ್‌ಡಿಎಂಐನಿಂದ ವಿಜಿಎಗೆ ಬದಲಿಸುವ, ಒಳಗೆ ಚಿಪ್ ಇರುವ ಪರಿವರ್ತಕ ಕೊಳ್ಳಬೇಕು. ಆದ್ದರಿಂದ ಮೊದಲ ಹೆಜ್ಜೆ ಕಂಪ್ಯೂಟರಿನ ಒಳಗಿಲ್ಲ, ಹಿಂದಿದೆ: ಮಾನಿಟರಿನ ತಂತಿ ಕಾರ್ಡಿಗೇ ಬಂದಿದೆಯೇ ನೋಡಿ.

ನಿಮ್ಮ ಕಾರ್ಡು ಯಾವ ಕಾಲದ್ದು?

ಡಿವೈಸ್ ಮ್ಯಾನೇಜರ್ ತೆರೆದು ‘ಡಿಸ್‌ಪ್ಲೇ ಅಡಾಪ್ಟರ್ಸ್’ ಸಾಲು ಬಿಡಿಸಿ. ಅಲ್ಲಿ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿದ್ದರೆ ಕಾರ್ಡಿಗೆ ಡ್ರೈವರ್ ಇನ್ನೂ ಬಿದ್ದಿಲ್ಲ ಎಂದರ್ಥ. ಜೊತೆಗೆ ಜಿಪಿಯು-ಝೆಡ್ ಎಂಬ ಉಚಿತ ತಂತ್ರಾಂಶವನ್ನೂ ಇಳಿಸಿಕೊಳ್ಳಿ. ಕಾರ್ಡಿನ ಜಾತಕವೆಲ್ಲ ಒಂದೇ ಕಿಟಕಿಯಲ್ಲಿ ಸಿಗುತ್ತದೆ. ಸೆಕೆಂಡ್ ಹ್ಯಾಂಡ್ ಕೊಂಡವರಿಗೆ ಇದು ಇನ್ನೂ ಮುಖ್ಯ. ಹಳೆಯ ಚಿಪ್ಪಿನ ಬಯೋಸ್ (ಕಾರ್ಡಿನೊಳಗೇ ಇರುವ ಮೂಲ ತಂತ್ರಾಂಶ) ತಿದ್ದಿ 1050 ಟಿಐ ಎಂದು ಹೆಸರು ಬದಲಿಸಿ ಮಾರಿದ ಕಾರ್ಡುಗಳಿವೆ. ಜಿಪಿಯು-ಝೆಡ್ ಅಂಥ ಅನೇಕ ಕಾರ್ಡುಗಳನ್ನು ಗುರುತಿಸಿ ಹೆಸರಿನ ಮುಂದೆ ‘ಫೇಕ್’ ಎಂದು ಬರೆಯುತ್ತದೆ. ಅಂಗಡಿಯಲ್ಲೇ ಒಮ್ಮೆ ಹಾಕಿ ತೋರಿಸಿ ಎಂದು ಕೇಳಲು ಸಂಕೋಚ ಬೇಡ.

ಇನ್ನು ಡ್ರೈವರ್. ಹೊಸದಾದಷ್ಟೂ ಒಳ್ಳೆಯದು ಎಂಬ ನಂಬಿಕೆ ಹಳೆಯ ಕಾರ್ಡುಗಳ ಮಟ್ಟಿಗೆ ಸುಳ್ಳು. ಪ್ರತಿ ತಲೆಮಾರಿಗೂ ಒಂದು ಕೊನೆಯ ನಿಲ್ದಾಣವಿದೆ. ಎನ್‌ವಿಡಿಯಾದ 400, 500 ಸರಣಿಯ, ಫರ್ಮಿ ಎಂಬ ತಲೆಮಾರಿನ ಕಾರ್ಡುಗಳಿಗೆ 2018ರ 391.35ನೇ ಆವೃತ್ತಿಯಲ್ಲೇ ಬಂಡಿ ನಿಂತಿತು. ಜಿಟಿ 710ನಂಥ ಕೆಪ್ಲರ್ ತಲೆಮಾರಿನ ಕಾರ್ಡುಗಳಿಗೆ ಡ್ರೈವರಿನ 470ನೇ ಶಾಖೆ (ಒಂದೇ ಮೂಲದ ಆವೃತ್ತಿಗಳ ಗುಂಪು) ಕೊನೆ. ಅದರ ಭದ್ರತಾ ಅಪ್‌ಡೇಟ್ ಕೂಡ 2024ರ ಸೆಪ್ಟೆಂಬರಿಗೆ ಮುಗಿಯಿತು. 750 ಟಿಐ, 900 ಸರಣಿ ಮತ್ತು 1050 ಟಿಐ ಸೇರಿದ 1000 ಸರಣಿಗೆ 580ನೇ ಶಾಖೆ ಕೊನೆಯದು. ಹೊಸ ಆಟಗಳಿಗೆಂದು ಬರುತ್ತಿದ್ದ ಡ್ರೈವರ್ 2025ರ ಅಕ್ಟೋಬರಿಗೆ ನಿಂತಿದೆ, ಭದ್ರತಾ ಅಪ್‌ಡೇಟ್ ಮಾತ್ರ 2028ರ ಅಕ್ಟೋಬರಿನವರೆಗೆ ಬರಲಿದೆ. ಇನ್ನೊಂದು ತಯಾರಕ ಕಂಪನಿ ಎಎಂಡಿ ತನ್ನ ಆರ್7 200, ಆರ್9 300 ಮುಂತಾದ ಸರಣಿಗಳನ್ನು 2021ರಲ್ಲೇ ಹಳೆಯ ಪಟ್ಟಿಗೆ ಸೇರಿಸಿತು.

ಜಿಟಿ 730 ಇದ್ದವರಿಗೆ ಇನ್ನೊಂದು ಪೇಚು. ಒಂದೇ ಹೆಸರಿನಲ್ಲಿ ಫರ್ಮಿ ಕಾರ್ಡೂ ಇದೆ, ಕೆಪ್ಲರ್ ಕಾರ್ಡೂ ಇದೆ. ಜಿಪಿಯು-ಝೆಡ್‌ನಲ್ಲಿ ‘ಶೇಡರ್ಸ್’ ಎಂಬ ಕಡೆ 96 ಎಂದಿದ್ದರೆ ಫರ್ಮಿ, 384 ಎಂದಿದ್ದರೆ ಕೆಪ್ಲರ್. ಹೀಗೆ ನೋಡದೆ ತಯಾರಕರ ಜಾಲತಾಣದ ಎಲ್ಲಕ್ಕಿಂತ ಹೊಸ ಫೈಲ್ ಇಳಿಸಿದರೆ, ಹೊಂದುವ ಹಾರ್ಡ್‌ವೇರ್ ಸಿಗಲಿಲ್ಲ ಎಂಬ ಸಂದೇಶ ತೋರಿಸಿ ಇನ್‌ಸ್ಟಾಲರ್ ಕೈ ಎತ್ತುತ್ತದೆ. ಜನ ಕಾರ್ಡು ಕೆಟ್ಟಿದೆ ಎಂದುಕೊಳ್ಳುವುದು ಇಲ್ಲೇ.

ಹಳೆಯದನ್ನು ಬೇರುಸಹಿತ ಕಿತ್ತು

ಮೊದಲು ಎಎಂಡಿ ಕಾರ್ಡ್ ಇದ್ದ ಯಂತ್ರಕ್ಕೆ ಎನ್‌ವಿಡಿಯಾ ಹಾಕಿದ್ದರೆ, ಅಥವಾ ತಿರುಗುಮುರುಗಾಗಿದ್ದರೆ, ಹಿಂದಿನ ಡ್ರೈವರಿನ ಚೂರುಪಾರು ಉಳಿದು ತೊಂದರೆ ಕೊಡಬಹುದು. ಕಂಟ್ರೋಲ್ ಪ್ಯಾನೆಲ್‌ನಿಂದ ತೆಗೆದರೆ ಎಲ್ಲವೂ ಹೋಗುವುದಿಲ್ಲ. ಇದಕ್ಕೆಂದೇ ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಎಂಬ ಉಚಿತ ಸಾಧನವಿದೆ, ಬಲ್ಲವರು ಡಿಡಿಯು ಎನ್ನುತ್ತಾರೆ.

ಹೊಸ ಡ್ರೈವರನ್ನು ಮೊದಲೇ ಇಳಿಸಿ ಇಟ್ಟುಕೊಳ್ಳಿ. ಎಡವಟ್ಟಾದರೆ ಹಿಂದಿನ ಸ್ಥಿತಿಗೆ ಮರಳಲು ವಿಂಡೋಸ್‌ನಲ್ಲಿ ಒಂದು ರಿಸ್ಟೋರ್ ಪಾಯಿಂಟ್ ಮಾಡಿ. ಆಮೇಲೆ ಇಂಟರ್ನೆಟ್ ತಂತಿ ಎಳೆದುಬಿಡಿ. ಇಲ್ಲದಿದ್ದರೆ ನೀವು ಕಿತ್ತು ಮುಗಿಸುವಷ್ಟರಲ್ಲಿ ವಿಂಡೋಸ್ ತಾನೇ ಯಾವುದೋ ಡ್ರೈವರ್ ತಂದು ಹಾಕಿರುತ್ತದೆ. ಶಿಫ್ಟ್ ಕೀಲಿ ಒತ್ತಿಹಿಡಿದು ರೀಸ್ಟಾರ್ಟ್ ಕ್ಲಿಕ್ಕಿಸಿದರೆ, ವಿಂಡೋಸ್ ಅತ್ಯಗತ್ಯವಾದುದನ್ನಷ್ಟೇ ಓಡಿಸುವ ಸೇಫ್ ಮೋಡ್‌ಗೆ ಹೋಗುವ ದಾರಿ ಸಿಗುತ್ತದೆ. ಅಲ್ಲಿ ಕೆಲವೊಮ್ಮೆ ಲಾಗಿನ್ ಆಗುವ ಪಿನ್ ಸಂಖ್ಯೆ ಕೆಲಸ ಮಾಡುವುದಿಲ್ಲ, ಖಾತೆಯ ಪಾಸ್‌ವರ್ಡ್ ನೆನಪಿರಲಿ. (ನಾನೇ ಒಮ್ಮೆ ಇದನ್ನು ಮರೆತು ಅರ್ಧ ದಿನ ಕಳೆದಿದ್ದೇನೆ.) ಡಿಡಿಯುನಲ್ಲಿ ಹಳೆಯ ಕಾರ್ಡಿನ ಕಂಪನಿ ಆರಿಸಿ, ಸ್ವಚ್ಛಗೊಳಿಸಿ ರೀಸ್ಟಾರ್ಟ್ ಮಾಡುವ ಗುಂಡಿ ಒತ್ತಿ. ಪರದೆ ಅಗಲವಾಗಿ, ಅಕ್ಷರ ದಪ್ಪವಾಗಿ ಬಂದರೆ ಗಾಬರಿ ಬೇಡ, ಅದು ಡ್ರೈವರ್ ಇಲ್ಲದ ಮುಖ. ಈಗ ಇಳಿಸಿಟ್ಟ ಫೈಲ್ ಓಡಿಸಿ. ರ‍್ಯಾಮ್ 8 ಜಿಬಿ ಮಾತ್ರ ಇದ್ದರೆ ಡ್ರೈವರಿನ ಜೊತೆಗೆ ಬರುವ ಉಳಿದ ಆ್ಯಪ್‌ಗಳನ್ನು ಬಿಟ್ಟುಬಿಡುವುದು ಲೇಸು.

ಆದರೂ ತೆವಳುತ್ತಿದೆಯೇ?

ಆಟ ಓಡುತ್ತಿರುವಾಗಲೇ ಟಾಸ್ಕ್ ಮ್ಯಾನೇಜರಿನ ‘ಪರ್ಫಾರ್ಮೆನ್ಸ್’ ಪುಟ ನೋಡಿ. ಜಿಪಿಯು (ಗ್ರಾಫಿಕ್ಸ್ ಕಾರ್ಡಿನ ಮುಖ್ಯ ಚಿಪ್) ಬಳಕೆ ಶೇ 95ರ ಮೇಲಿದ್ದರೆ ಕಾರ್ಡು ತನ್ನ ಶಕ್ತಿಯಷ್ಟೂ ದುಡಿಯುತ್ತಿದೆ, ರೆಸಲ್ಯೂಶನ್ ಅಥವಾ ನೆರಳಿನ ಗುಣಮಟ್ಟ ಇಳಿಸಿದರೆ ವೇಗ ಬರುತ್ತದೆ. ಜಿಪಿಯು ಶೇ 50–60ರಲ್ಲೇ ಆಡುತ್ತಿದ್ದರೆ ಅಡ್ಡಿ ಬೇರೆ ಕಡೆ ಇದೆ, ಬಹುಮಟ್ಟಿಗೆ ಪ್ರೊಸೆಸರಿನಲ್ಲಿ. ಇಲ್ಲಿ ಕಣ್ಣಿಗೆ ಮೋಸವಾಗುವುದುಂಟು: ಸಿಪಿಯು, ಅಂದರೆ ಪ್ರೊಸೆಸರ್, ಶೇ 70 ಎಂದು ತೋರಿಸಿದರೂ ಅದರೊಳಗಿನ ಒಂದು ಕೋರ್ ಮಾತ್ರ ಉಸಿರುಗಟ್ಟಿರಬಹುದು. ಗ್ರಾಫಿನ ಮೇಲೆ ಬಲ ಕ್ಲಿಕ್ ಮಾಡಿ ಲಾಜಿಕಲ್ ಪ್ರೊಸೆಸರುಗಳನ್ನು ಬೇರೆ ಬೇರೆ ತೋರಿಸುವಂತೆ ಬದಲಿಸಿ. ಇಂಥ ಕಡೆ ರೆಸಲ್ಯೂಶನ್ ಇಳಿಸಿ ಪ್ರಯೋಜನವಿಲ್ಲ. ದೂರದ ದೃಶ್ಯ, ಜನಸಂದಣಿಯ ಸೆಟ್ಟಿಂಗ್ ಕಡಿಮೆ ಮಾಡಬೇಕು.

ಜಿಪಿಯು-ಝೆಡ್‌ನ ‘ಬಸ್ ಇಂಟರ್‌ಫೇಸ್’ ಸಾಲಿನ ಪಕ್ಕದ ಪ್ರಶ್ನಾರ್ಥಕ ಚಿಹ್ನೆ ಒತ್ತಿ ಪರೀಕ್ಷೆ ಓಡಿಸಿ. ಸುಮ್ಮನಿರುವಾಗ ವಿದ್ಯುತ್ ಉಳಿಸಲು ಅಲ್ಲಿ ಸ್ಲಾಟಿನ ವೇಗದ ಆವೃತ್ತಿ 1.1 ಎಂದು ತೋರಿಸುವುದು ಸಹಜ, ಪರೀಕ್ಷೆ ಓಡುವಾಗ ಏರಬೇಕು. ಲೇನ್ (ಮಾಹಿತಿ ಸಾಗುವ ದಾರಿ) 16 ಇರಬೇಕಾದ ಕಡೆ 4 ಎಂದಿದ್ದರೆ ಕಾರ್ಡನ್ನು ತಪ್ಪು ಸ್ಲಾಟಿನಲ್ಲಿ ಕೂರಿಸಿರಬಹುದು. ಕೆಲವು ಕಚೇರಿ ಯಂತ್ರಗಳ ಎರಡನೇ ಉದ್ದ ಸ್ಲಾಟು ನೋಟಕ್ಕಷ್ಟೇ ಉದ್ದ, ಒಳಗೆ ಲೇನ್ ನಾಲ್ಕೇ. ಇದೇ ಕಾರಣಕ್ಕೆ, ನಾಲ್ಕೇ ಲೇನಿನ ಎಎಂಡಿ ಕಾರ್ಡಾದ ಆರ್‌ಎಕ್ಸ್ 6500 ಎಕ್ಸ್‌ಟಿಯನ್ನು ಹಳೆಯ ಬೋರ್ಡಿಗೆ ತರಬೇಡಿ ಎನ್ನುತ್ತೇನೆ.

ವಿದ್ಯುತ್ತಿನ ವಿಷಯದಲ್ಲಿ ಒಂದೇ ಮಾತು: ಸ್ಲಾಟು ಕೊಡುವುದು 75 ವಾಟ್. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡಿಗೆ ಹಾರ್ಡ್ ಡಿಸ್ಕಿಗೆ ವಿದ್ಯುತ್ ಕೊಡುವ ಒಂಟಿ ಸಾಟಾ ತಂತಿಯಿಂದ ಆರು ಪಿನ್ ಮಾಡುವ ಅಗ್ಗದ ಕನೆಕ್ಟರ್ ಹಾಕಬೇಡಿ. ಸಾಟಾ ಪ್ಲಗ್ಗಿನ 12 ವೋಲ್ಟ್ ಸಾಮರ್ಥ್ಯ 54 ವಾಟ್ ಮಾತ್ರ, ಆರು ಪಿನ್ನಿನದು 75. ಪ್ಲಾಸ್ಟಿಕ್ ಕರಗಬಹುದು.

ನಮ್ಮ ಹುಡುಗನ ಯಂತ್ರದಲ್ಲಿ ತಂತಿ ಬದಲಿಸಿ, ಡ್ರೈವರ್ ಶುದ್ಧವಾಗಿ ಹಾಕಿದ ಮೇಲೂ ಆಟ ಆಗಾಗ ತಡವರಿಸುತ್ತಿತ್ತು. ಮುಚ್ಚಳ ತೆಗೆದರೆ 8 ಜಿಬಿಯ ಒಂಟಿ ರ‍್ಯಾಮ್ ಕಡ್ಡಿ. ಜೋಡಿಯಾಗಿದ್ದರೆ ರ‍್ಯಾಮ್ ಎರಡು ದಾರಿಯಲ್ಲಿ ಮಾಹಿತಿ ಸಾಗಿಸುತ್ತದೆ, ಪ್ರೊಸೆಸರ್ ಕಾಯುವುದು ಕಡಿಮೆಯಾಗುತ್ತದೆ. ಅದೇ ವೇಗದ ಇನ್ನೊಂದು ಡಿಡಿಆರ್3 ಕಡ್ಡಿ ಹಾಕಿ, ಆಟದ ಫ್ರೇಮ್ (ಪರದೆಯ ಚಿತ್ರ) ಮಿತಿಯನ್ನು ಸೆಕೆಂಡಿಗೆ 60ಕ್ಕೆ ಕಟ್ಟಿದೆವು. ತಡವರಿಕೆ ನಿಂತಿತು. ಆ 580ನೇ ಶಾಖೆಯ ಡ್ರೈವರ್ ಫೈಲನ್ನು ಈಗ ಅವನು ಪೆನ್‌ಡ್ರೈವ್‌ನಲ್ಲಿ ಎತ್ತಿಟ್ಟು, ಮೇಲೆ ಚೀಟಿ ಅಂಟಿಸಿದ್ದಾನೆ.