ಅಂಗುಳದ ಬರಿಗಾಯಕ್ಕೆ ಮಗುವಿನದೇ ಕೋಶಗಳ ಹೊದಿಕೆ

ಅಂಗುಳ ಸೀಳಿರುವ ಮಗು ಕುಡಿದ ಹಾಲು ಮೂಗಿನಿಂದ ಬರುತ್ತದೆ. ಮುಂದೆ ಮಾತೂ ಮೂಗಿನಲ್ಲೇ ಹೊರಡುತ್ತದೆ. ಹಾಗಾಗಿ ವೈದ್ಯರು ಸಾಮಾನ್ಯವಾಗಿ ವರ್ಷ ತುಂಬುವ ಆಸುಪಾಸಿನಲ್ಲೇ ಸೀಳನ್ನು ಹೊಲಿಯುತ್ತಾರೆ. ಅದಕ್ಕೆ ಬೇಕಾದ ಪೊರೆಯನ್ನು ಅಂಗುಳದ ಎರಡೂ ಬದಿಯಿಂದ ಎಬ್ಬಿಸಿ ನಡುವಿಗೆ ಸರಿಸುವುದು ರೂಢಿ. ಸೀಳು ಮುಚ್ಚುತ್ತದೆ, ಆದರೆ ಹಲ್ಲಿನ ಸಾಲಿನ ಒಳಬದಿಯಲ್ಲಿ ಮೂಳೆ ಬರಿದಾಗಿ ಉಳಿಯುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಈ ಬರಿ ಜಾಗವೇ. ಅದು ತಾನಾಗಿ ಮಾಯುವಾಗ ಗಾಯ ಸೆಟೆದು ಕುಗ್ಗುತ್ತದೆ, ಗಡುಸಾದ ಕಲೆ ಮೂಳೆಗೆ ಕಚ್ಚಿಕೊಳ್ಳುತ್ತದೆ. ಮೇಲ್ದವಡೆ ಅಗಲಕ್ಕೂ ಮುಂದಕ್ಕೂ ಬೆಳೆಯಬೇಕಾದ ವರ್ಷಗಳಲ್ಲಿ ಅದನ್ನು ಹಗ್ಗದಂತೆ ಬಿಗಿಹಿಡಿಯುತ್ತದೆ. ಮುಖದ ನಡುಭಾಗ ಒಳಸರಿದ ಎಷ್ಟೋ ಮಕ್ಕಳು, ಬೆಳವಣಿಗೆ ಮುಗಿದ ಮೇಲೆ, ದವಡೆಯನ್ನೇ ಕತ್ತರಿಸಿ ಮುಂದೆ ತರುವ ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಾಗುತ್ತದೆ.

ಬರಿ ಮೂಳೆಗೆ ಪ್ರಯೋಗಾಲಯದಲ್ಲಿ ಬೆಳೆಸಿದ ಲೋಳೆಪೊರೆಯನ್ನು ಹೊದಿಸುವ ಕೆಲಸದಲ್ಲಿ ಸ್ಪೇನಿನ ಗ್ರನಾಡಾ ವಿಶ್ವವಿದ್ಯಾಲಯದ ತಂಡ ತೊಡಗಿದೆ. ವಿಧಾನ ಹೀಗಿದೆ.

ಮೊದಲು ಮಗುವಿನ ಬಾಯಿಯ ಒಳಪೊರೆಯಿಂದ ಒಂದು ಚಿಕ್ಕ ತುಣುಕನ್ನು ತೆಗೆಯಬೇಕು. ತುಟಿಯೂ ಸೀಳಿದ್ದರೆ ಅದನ್ನು ಹೊಲಿಯುವಾಗಲೇ ತೆಗೆಯುವುದು ಒಳ್ಳೆಯದು. ಇನ್ನೊಮ್ಮೆ ಅರಿವಳಿಕೆ ಕೊಡುವುದು ತಪ್ಪುತ್ತದೆ.

ಆ ತುಣುಕನ್ನು ಕಿಣ್ವಗಳಿಂದ ಬಿಡಿಸಿ, ಮೇಲ್ಪದರದ ಕೋಶಗಳನ್ನೂ ಕೆಳಪದರದ ನಾರುಕೋಶಗಳನ್ನೂ ಬೇರೆ ಬೇರೆಯಾಗಿ 37 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿನಲ್ಲಿ ಬೆಳೆಸುತ್ತಾರೆ.

ಇನ್ನು ಕೋಶಗಳಿಗೆ ನೆಲೆ ಕಟ್ಟಬೇಕು. ಮನುಷ್ಯರ ರಕ್ತದ ಪ್ಲಾಸ್ಮಾದಲ್ಲಿ ನಾರುಕೋಶಗಳನ್ನು ಬೆರೆಸಿ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿದರೆ, ಗಾಯದಲ್ಲಿ ರಕ್ತ ಗಟ್ಟಿಯಾಗುವಂತೆಯೇ ಅದೂ ಹೆಪ್ಪುಗಟ್ಟುತ್ತದೆ. ಹೆಪ್ಪು ಬೇಗ ಕರಗದಂತೆ ಟ್ರಾನೆಕ್ಸಾಮಿಕ್ ಆಮ್ಲ, ಬಿಗುವಿಗೆ ಕಡಲ ಪಾಚಿಯಿಂದ ತೆಗೆದ ಅಗರೋಸ್. ಇದರ ಮೇಲೆ ಮೇಲ್ಪದರದ ಕೋಶಗಳನ್ನು ಬಿತ್ತುತ್ತಾರೆ. ಕೆಲವು ದಿನಗಳ ಬಳಿಕ ಮೇಲ್ಮೈಯನ್ನು ದ್ರವದಿಂದ ಹೊರಗೆತ್ತಿ ಗಾಳಿಗೆ ಒಡ್ಡಿದಾಗ ಕೋಶಗಳು ಒಂದರ ಮೇಲೊಂದು ಪದರ ಕಟ್ಟುತ್ತವೆ. ತುಂಬ ನಾಜೂಕಿನ ಹಂತವಿದು.

ಹಾಗೇ ಬಿಟ್ಟರೆ ಅದು ಸೂಜಿಗೆ ಸಿಕ್ಕದಷ್ಟು ಮೆದು. ನೀರು ಹೀರುವ ಕಾಗದದ ನಡುವೆ ಭಾರವಿಟ್ಟು ಒತ್ತಿದಾಗ ನೀರಿಳಿದು, ಹೊಲಿಗೆ ತಾಳುವ ತೆಳುವಾದ ಹಾಳೆಯಾಗುತ್ತದೆ.

ಸೀಳನ್ನು ಹೊಲಿದ ಅದೇ ಶಸ್ತ್ರಚಿಕಿತ್ಸೆಯಲ್ಲಿ, ಗಾಯ ಕುಗ್ಗಲು ಅವಕಾಶ ಕೊಡದೆ, ಈ ಹಾಳೆಯನ್ನು ಬರಿ ಮೂಳೆಯ ಮೇಲೆ ಹಾಸಿ ಅಂಚಿಗೆ ಹೊಲಿಯುತ್ತಾರೆ. ಮಗುವಿನದೇ ಕೋಶಗಳಾದ್ದರಿಂದ ದೇಹ ಅವನ್ನು ಪರಕೀಯವೆಂದು ತಳ್ಳುವುದಿಲ್ಲ.

ಬೆಳೆಯುವ ವಯಸ್ಸಿನ ಮೊಲಗಳ ಮೇಲೆ ಈ ತಂಡ ನಡೆಸಿ 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹೊದಿಕೆ ಪಡೆದವುಗಳ ಅಂಗುಳದ ಮೂಳೆ ಹಾಗೇ ಬಿಟ್ಟವುಗಳಿಗಿಂತ ಕಡಿಮೆ ವಿಕಾರಗೊಂಡಿತ್ತು. ಮಕ್ಕಳಲ್ಲಿ ಇದು ಆಸ್ಪತ್ರೆಯ ನಿತ್ಯದ ಚಿಕಿತ್ಸೆಯಲ್ಲ, ಪ್ರಯೋಗದ ಹಂತದಲ್ಲಿದೆ. ಹೊದಿಕೆ ಹಿಡಿಯಿತೇ ಎಂಬುದು ಕೆಲವೇ ವಾರಗಳಲ್ಲಿ ಗೊತ್ತಾಗುತ್ತದೆ. ದವಡೆ ಬೆಳೆಯಿತೇ ಎಂಬುದನ್ನು ಮಾತ್ರ ಹಲ್ಲಿನ ಅಚ್ಚು ತೆಗೆದು, ಅಳೆದು, ಮಗು ಹದಿಹರೆಯ ದಾಟುವವರೆಗೆ ಕಾದು ನೋಡಬೇಕು.